ಕೊಲಂಬೊದಲ್ಲಿ ಥೋಡಾ ಥೋಡಾ ತಮಿಳು

ಡೊಂಬಿವಲಿ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಹೇಳುವುದು ಸುಲಭ. ಇಪ್ಪತ್ತೆರಡು ವರ್ಷ ಡೊಂಬಿವಲಿಯಿಂದ ಠಾಣೆಯ ಆಫೀಸಿಗೆ ಲೇಡೀಸ್ ಡಬ್ಬಿಯಲ್ಲಿ ನೇತಾಡಿಕೊಂಡು ಹೋಗಿಬಂದವಳು, ಹಿನ್ನೀರಿನ ಖಾಡಿಯ ಮೇಲಿನ ಸೇತುವೆ ಬಂದರೆ ಇವತ್ತಿಗೂ ಕಣ್ಣು ಮುಚ್ಚುತ್ತೇನೆ. ಅಂಥವಳು ವಿಮಾನ ಹತ್ತಿ, ಅದೂ ಯುದ್ಧ ನಡೆಯುತ್ತಿದ್ದ ದೇಶಕ್ಕೆ ಹೋದದ್ದು ಸ್ವಂತ ಹಟದಿಂದ. ಬೇರೆ ಯಾರನ್ನೂ ದೂರುವ ಹಾಗಿಲ್ಲ.

ನಮ್ಮವರು ಆಗ ಠಾಣೆಯ ಪಕ್ಕದ ಕಳವಾ ಎಂಬ ಊರಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಹೋಟೆಲಿನ ಮಾಲಕರಿಗೆ ಕೊಲಂಬೊದಲ್ಲಿ ಶಾಖೆ ತೆರೆಯುವ ಹುಚ್ಚು ಹಿಡಿದಿತ್ತು. "ವಾಸಣ್ಣ, ಒಂದು ವಾರ ಹೋಗಿ ಜಾಗ ನೋಡಿ ಬನ್ನಿ" ಎಂದು ಇವರನ್ನು ಹೊರಡಿಸಿದರು. ನಾನೂ ಬರುತ್ತೇನೆ ಎಂದೆ.

"ಎಂತ ಮಾರಾಯ್ತಿ, ಅಲ್ಲಿ ಬಾಂಬು ಸಿಡೀತದೆ ಅಂತ ನಿನ್ನೆಯಿಂದ ನೀನೇ ಅಳ್ತಾ ಇದ್ದಿಯಲ್ಲ?"

"ನೀವು ಒಬ್ರೇ ಹೋದ್ರೆ ನಾನು ಇಲ್ಲಿ ಕೂತು ಹೆದರ್ಬೇಕಲ್ವಾ? ಅದಕ್ಕಿಂತ ಅಲ್ಲೇ ಬಂದು ಹೆದರ್ತೇನೆ."

ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರಿಗೂ ಕಾಕು, ಬಾಗಿಲಲ್ಲೇ ತಡೆದು, "ಅಗಂ ಸುಮನ್, ತಿಕಡೇ ಯುದ್ಧ ಚಾಲೂ ಆಹೇ ನಾ!" ಅಲ್ಲಿ ಯುದ್ಧ ನಡೀತಾ ಉಂಟಲ್ಲ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಯುದ್ಧ ಉತ್ತರದಲ್ಲಿ, ನಾವು ಹೋಗುವುದು ದಕ್ಷಿಣಕ್ಕೆ ಎಂದು ನಮ್ಮವರು ಕಲ್ಯಾಣಕ್ಕೂ ಕರ್ಜತ್‌ಗೂ ಇರುವ ಅಂತರ ಹೇಳುವವರ ಹಾಗೆ ವಿವರಿಸಿದರು.

ಇವರ ಒಂದು ಗುಣ ಇಲ್ಲೇ ಹೇಳಬೇಕು. ಗಲ್ಲಾದ ಮೇಲೆ ಕೂತು ಕೂತು ಇವರ ಬಾಯಿಗೆ ಆರು ಭಾಷೆ ಹತ್ತಿಕೊಂಡಿದ್ದವು. ಮನೆಯಲ್ಲಿ ತುಳು, ನನ್ನ ಜೊತೆ ಜಗಳಕ್ಕೆ ಕನ್ನಡ, ಗಿರಾಕಿಗೆ ಮರಾಠಿ, ಪೊಲೀಸರಿಗೆ ಹಿಂದಿ, ಕಿರಾಣಿ ಸೇಠನಿಗೆ ಗುಜರಾತಿ, ಅಡುಗೆ ಭಟ್ಟರಿಗೆ ತಮಿಳು. ಯಾರು ಯಾವ ಭಾಷೆ ಬರುತ್ತದಾ ಎಂದು ಕೇಳಿದರೂ ತಲೆಯನ್ನು ಅತ್ತ ಇತ್ತ ಆಡಿಸಿ, ಸ್ವಲ್ಪ ಸ್ವಲ್ಪ ಎಂದು ಹಿಂದಿಯಲ್ಲಿ "ಥೋಡಾ ಥೋಡಾ" ಎನ್ನುತ್ತಿದ್ದರು. ಲೋಕಲ್‌ನಲ್ಲಿ ಯಾರಾದರೂ "ಮದ್ರಾಸಿ ಕ್ಯಾ?" ಎಂದರೆ ಅದಕ್ಕೂ "ಹಾಂ, ಹಾಂ". ನನಗೆ ಮೈ ಉರಿಯುತ್ತಿತ್ತು.

"ಕರ್ನಾಟಕ, ಕರಾವಳಿ ಅಂತ ಅವನಿಗೆ ನಕ್ಷೆ ಬಿಡಿಸ್ಲಿಕ್ಕೆ ಹೋದ್ರೆ ಸ್ಟೇಷನ್ ಬಂದುಬಿಡ್ತದೆ ಮಾರಾಯ್ತಿ" ಎನ್ನುತ್ತಿದ್ದರು.

ಬಾಂಬೆ ಕಡೆ ಹೊರಗಿನವರು ಎಂದು ಹೇಳಿ ಟ್ಯಾಕ್ಸಿಯವರನ್ನು, ಪರೀಕ್ಷೆಗೆ ಬಂದ ಹುಡುಗರನ್ನು ಹೊಡೆದ ದಿನಗಳಲ್ಲಿಯೂ ಇವರು ಮರಾಠಿಯಲ್ಲಿ ಎರಡು ಮಾತು ಹೆಚ್ಚಿಗೆ ಆಡಿ ನಿಶ್ಚಿಂತೆಯಾಗಿ ಇದ್ದರು. ನನಗೆ ಮಾತ್ರ ಆ ವಾರವೆಲ್ಲ ಜ್ವರ.

ವೆಳ್ಳವತ್ತೆ

ಕೊಲಂಬೊದಲ್ಲಿ ರೈಲು ಸಮುದ್ರಕ್ಕೆ ತಾಗಿಕೊಂಡೇ ಓಡುತ್ತದೆ. ಅಲೆಯ ನೀರು ಕಿಟಕಿಗೆ ಸಿಡಿಯುತ್ತದೋ ಎನ್ನುವಷ್ಟು ಹತ್ತಿರ. ಮೊದಲ ದಿನ ನಮ್ಮವರು ರೈಲು ನಿಲ್ಲುವ ಮೊದಲೇ ಅಭ್ಯಾಸಬಲದಿಂದ ಕಿಟಕಿಯೊಳಗೆ ಕರವಸ್ತ್ರ ಎಸೆದು ಎರಡು ಸೀಟು ಹಿಡಿದರು. ನಾವು ಹತ್ತಿ ನೋಡಿದರೆ ಒಬ್ಬ ಮುದುಕರು ಆ ಸೀಟಿನಲ್ಲಿ ಕೂತಿದ್ದಾರೆ. ಕರವಸ್ತ್ರವನ್ನು ನೀಟಾಗಿ ಮಡಚಿ ಕೈಗೆ ಕೊಟ್ಟು, "ಇದು ನಿಮ್ಮದಿರಬೇಕು, ಬಿದ್ದುಹೋಗಿತ್ತು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇಡೀ ಪ್ರಯಾಣದಲ್ಲಿ ನಾನು ಹೊಟ್ಟೆತುಂಬ ನಕ್ಕದ್ದು ಅದೊಂದೇ ಸಲ.

ಉಳಿದಂತೆ ಊರು ಉಸಿರು ಹಿಡಿದುಕೊಂಡಿತ್ತು. ಮೂಲೆಮೂಲೆಗೆ ಮರಳಿನ ಚೀಲ, ಅದರ ಹಿಂದೆ ಬಂದೂಕು, ಬಂದೂಕಿನ ಹಿಂದೆ ಮೀಸೆ ಚಿಗುರುತ್ತಿದ್ದ ಮುಖ. ನಾವು ಬರುವುದಕ್ಕೆ ಕೆಲವೇ ದಿನ ಮೊದಲು ಬಸ್ಸೊಂದರಲ್ಲಿ ಬಾಂಬು ಸಿಡಿದು ಜನ ಸತ್ತಿದ್ದರಂತೆ. ಬಸ್ಸಿನಲ್ಲಿ ಎಲ್ಲರೂ ಎಲ್ಲರ ಚೀಲವನ್ನೂ ನೋಡುತ್ತಿದ್ದರು. ನನ್ನ ಚೀಲದಲ್ಲಿ ಚಟ್ನಿಪುಡಿಯ ಡಬ್ಬಿ ಇತ್ತು. ಅದನ್ನೇ ಎರಡು ಸಲ ತೆಗೆಸಿ ಮೂಸಿ ನೋಡಿದರು.

ನಾವು ಇಳಿದ ಲಾಡ್ಜ್ ವೆಳ್ಳವತ್ತೆಯಲ್ಲಿ. ಅಲ್ಲಿ ಹೆಚ್ಚಿನ ಕೋಣೆಗಳಲ್ಲಿ ಉತ್ತರದ ಕಡೆಯಿಂದ ಬಂದ ತಮಿಳರಿದ್ದರು. ಒಬ್ಬರು ವೀಸಾಕ್ಕೆ, ಒಬ್ಬರು ಔಷಧಿಗೆ, ಒಬ್ಬರು ಕಾಗದಕ್ಕೆ ಎಂದು ಕಾಯುವವರೇ ಎಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಸಾಕು, ಅಷ್ಟೂ ಕೋಣೆಗಳ ಟೀವಿ ಒಮ್ಮೆಲೇ ಮೌನವಾಗುತ್ತಿತ್ತು. ಎರಡನೆಯ ದಿನಕ್ಕೆ ನಾನೂ ಹಾಗೆ ಮಾಡಲು ಕಲಿತೆ.

ಪಕ್ಕದ ಕೋಣೆಯಲ್ಲಿದ್ದವರು ಪುಷ್ಪವತಿ ಟೀಚರ್. ಐವತ್ತೈದರ ಹೆಂಗಸು, ಯುದ್ಧ ನಡೆಯುವ ಕಡೆಯ ಒಂದು ಹಳ್ಳಿಶಾಲೆಯಲ್ಲಿ ಗಣಿತ ಕಲಿಸುವವರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು. ನೋಡಿದ ಕೂಡಲೇ ನನ್ನ ಬಾಯಿಂದ "ಅಕ್ಕಾ" ಎಂದೇ ಬಂತು. ಅವರೂ ತಮಿಳಿನಲ್ಲಿ ಅದೇ ಶಬ್ದವಲ್ಲವೇ ಎಂದು ನಕ್ಕು ಓಗೊಟ್ಟರು. ಅವರ ಇಂಗ್ಲಿಷು, ನನ್ನ ಇಂಗ್ಲಿಷು, ನಡುನಡುವೆ ಅವರ ತಮಿಳು, ನನ್ನ ಕನ್ನಡ. ಹೀಗೆ ಸಂಜೆ ವರಾಂಡದಲ್ಲಿ ಕೂತು ಮಾತಾಡುತ್ತಿದ್ದೆವು.

ಅವರ ತಮ್ಮ ಕಾಣೆಯಾಗಿದ್ದ. ಪೋಸ್ಟಾಫೀಸಿನ ಗುಮಾಸ್ತ. ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಬ್ರೆಡ್ ತರಲು ಹೋದವನನ್ನು ನಂಬರಿಲ್ಲದ ಬಿಳಿ ವ್ಯಾನಿನಲ್ಲಿ ಹತ್ತಿಸಿಕೊಂಡು ಹೋದರಂತೆ. ಯಾರು ಒಯ್ದರು, ಏಕೆ ಒಯ್ದರು, ಯಾರಿಗೂ ಗೊತ್ತಿಲ್ಲ. ಸೈಕಲ್ಲು ಮಾತ್ರ ರಸ್ತೆಬದಿಯಲ್ಲಿ ಸಿಕ್ಕಿತು. ಕಾಣೆಯಾದವರ ಅರ್ಜಿ ತೆಗೆದುಕೊಳ್ಳುವ ಒಂದು ಕಚೇರಿ ಕೊಲಂಬೊದಲ್ಲಿದೆ. ಅಲ್ಲಿ ಅವರಿಗೆ ಗುರುವಾರ ಬೆಳಿಗ್ಗೆ ಬರಲು ಹೇಳಿದ್ದರು. ಆ ದಿನ ತಪ್ಪಿದರೆ ಇನ್ನು ಯಾವಾಗ ಕರೆಯುತ್ತಾರೋ, ಕರೆಯುತ್ತಾರೋ ಇಲ್ಲವೋ. ಆಕೆ ಕೊಲಂಬೊದಲ್ಲಿರಲು ಪೊಲೀಸರಿಂದ ಪಡೆದ ಚೀಟಿಯೂ ಗುರುವಾರದವರೆಗೆ ಮಾತ್ರ. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಇದ್ದರೆ ಸಾಕು ಎನ್ನುತ್ತಿದ್ದರು. ಲಾಡ್ಜಿನಲ್ಲಿರುವ ತಮಿಳರನ್ನು ಬಸ್ಸಿಗೆ ತುಂಬಿ ಊರಿಗೆ ಅಟ್ಟುತ್ತಾರೆ ಎಂಬ ಸುದ್ದಿ ಬೇರೆ ಹಬ್ಬಿತ್ತು.

"ಪೊಲೀಸ್ ಠಾಣೆ ಇರುವ ರಸ್ತೆಯಲ್ಲಿ ನಾನು ನಡೆಯುವುದೇ ಇಲ್ಲ ಸುಮನ್. ಮೀನು ಮಾರ್ಕೆಟ್ ಸುತ್ತಿಕೊಂಡು ಹೋಗುತ್ತೇನೆ" ಎಂದಿದ್ದರು.

ಚೆಕ್‌ಪೋಸ್ಟ್

ಮಂಗಳವಾರ ಮಧ್ಯಾಹ್ನ ನಾವಿಬ್ಬರೂ ಅಂಗಡಿಜಾಗ ನೋಡಿಕೊಂಡು ಬಸ್ಸಿನಲ್ಲಿ ವಾಪಸಾಗುತ್ತಿದ್ದೆವು. ಗಲ್ಲಾ ಬಾಗಿಲ ಬಲಕ್ಕಿರಬೇಕೋ ಎಡಕ್ಕಿರಬೇಕೋ ಎಂದು ಇವರು ಗಟ್ಟಿಯಾಗಿ ಕನ್ನಡದಲ್ಲಿ ವಾದಿಸುತ್ತಿದ್ದರು. ಅವರ ಕಿವಿಗೆ ಅದು ತಮಿಳಿನ ಹಾಗೇ ಕೇಳಿಸುತ್ತಿತ್ತೇನೋ, ಸುತ್ತಲಿನವರ ಮುಖ ಬಿಗಿಯುತ್ತಿದ್ದುದು ನನಗೆ ಕಾಣುತ್ತಿತ್ತು. "ಸಣ್ಣಕ್ಕೆ ಮಾತಾಡಿ" ಎಂದು ತಿವಿದೆ. ಕೇಳಿದರೆ ತಾನೆ!

ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಒಬ್ಬ ಸಿಪಾಯಿ ಹತ್ತಿ ಸೀದಾ ನಮ್ಮ ಬಳಿ ಬಂದ. ಅವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಬಂದೂಕು ಹಿಡಿದವನೂ ಹೆದರಿರುತ್ತಾನೆ ಎಂದು ನನಗೆ ಅವತ್ತು ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ಹೆದರಿದೆ. ಅವನು ಇವರ ಎದೆಯ ಕಡೆ ಬೆರಳು ತೋರಿಸಿ ಕೇಳಿದ್ದು ಒಂದೇ ಶಬ್ದ: "ಟಮಿಲ್?"

ನೀನು ತಮಿಳನಾ ಎಂದು ಅವನು ಕೇಳಿದ್ದ. ನಮ್ಮವರಿಗೆ ಕೇಳಿಸಿದ್ದು, ನಿನಗೆ ತಮಿಳು ಬರುತ್ತದಾ ಎಂದು. ಮೂವತ್ತು ವರ್ಷದ ಗಲ್ಲಾದ ಅಭ್ಯಾಸ! ಮುಖ ಅರಳಿಸಿ, ತಲೆ ಅತ್ತ ಇತ್ತ ಆಡಿಸಿ, "ಥೋಡಾ ಥೋಡಾ!" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಸಿಪಾಯಿ ಮಿಕಮಿಕ ನೋಡಿದ್ದನ್ನು ಕಂಡು, ಇವನಿಗೆ ನಂಬಿಕೆ ಬಂದಿಲ್ಲ ಎಂದುಕೊಂಡು, "ವಣಕ್ಕಂ ತಂಬಿ! ಸಾಪ್ಟೀಂಗಳಾ?" ಎಂದು, ನಮಸ್ಕಾರ ತಮ್ಮಾ, ಊಟವಾಯಿತೇ ಅಂತ ಬೇರೆ ವಿಚಾರಿಸಿದರು.

"ನೋ, ನೋ! ನಾಟ್ ತಮಿಳ್! ಇಂಡಿಯಾ! ಬಾಂಬೆ!" ಎಂದು ಕೂಗಿಕೊಂಡೆ. ಸಿಪಾಯಿ ಪಾಸ್‌ಪೋರ್ಟ್ ಕೇಳಿದ. ಪಾಸ್‌ಪೋರ್ಟ್ ಎಲ್ಲಿ? ಪಾಕೀಟುಮಾರರ ಹೆದರಿಕೆಗೆ ನಾನೇ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಲಾಡ್ಜಿನಲ್ಲಿ ಸೂಟ್‌ಕೇಸಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟು, ಬೀಗ ಹಾಕಿ ಬಂದಿದ್ದೆ. ಇಬ್ಬರು ಬಂದು ಇವರ ತೋಳು ಹಿಡಿದು ಇಳಿಸಿಕೊಂಡು ಜೀಪಿಗೆ ಹತ್ತಿಸಿದರು. ನನ್ನನ್ನು ರಸ್ತೆಯಲ್ಲಿ ಬಿಟ್ಟರು. "ಸುಮನ, ಪಾಸ್‌ಪೋರ್ಟ್ ತಕ್ಕೊಂಡು ಬಾ, ಹೆದರ್ಬೇಡ" ಎಂದು ಜೀಪಿನಿಂದ ಕೂಗಿದ ದನಿ ಕೀರಲಾಗಿತ್ತು. ಮೂವತ್ತು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ.

ಇನ್ನೊಂದು ಠಾಣೆ

ಲಾಡ್ಜಿನ ಮಾಲಿಕ ಜೊತೆಗೆ ಬರಲು ಖಡಾಖಂಡಿತವಾಗಿ ಒಲ್ಲೆ ಎಂದ. ಆ ಠಾಣೆಯಲ್ಲಿ ಸಿಂಹಳ ಬಿಟ್ಟು ಬೇರೇನೂ ನಡೆಯುವುದಿಲ್ಲ, ನಿಮ್ಮ ಇಂಗ್ಲಿಷು ಸಾಲದು ಎಂದು ಹೇಳಿ ರಿಜಿಸ್ಟರಿನಲ್ಲಿ ತಲೆ ಹುಗಿಸಿದ. ಸೂಟ್‌ಕೇಸಿನ ಬೀಗಕ್ಕೆ ಕೀ ತಾಗುತ್ತಿಲ್ಲ. ಟೀಚರ್ ಬಂದು ಕೀ ತೆಗೆದುಕೊಂಡು ಬೀಗ ತೆರೆದರು. ನಾನು ನಡೆದದ್ದನ್ನೆಲ್ಲ ಒದರಿದೆ. ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಗಿಯಿತು, ಇವರೂ ಹೆದರಿದರು ಎಂದುಕೊಂಡೆ. ಐದು ನಿಮಿಷಕ್ಕೆ ಬೇರೆ ಸೀರೆ ಉಟ್ಟು ಹೊರಗೆ ಬಂದರು.

"ನನಗೆ ಸಿಂಹಳ ಬರುತ್ತದೆ. ನಡೆಯಿರಿ."

ಬೇಡ ಅಕ್ಕಾ ಎಂದು ಹೇಳಬೇಕಿತ್ತು. ಗುರುವಾರದ ವಿಷಯ ಗೊತ್ತಿದ್ದ ನಾನು ಒಂದು ಸಲವಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡು ಹೊರಟೆ.

ನಾನು ದಿನಾ ದುಡಿಯಲು ಹೋಗುತ್ತಿದ್ದ ಊರಿನ ಹೆಸರೂ ಠಾಣೆ. ಆದರೆ ಇಂಥ ಠಾಣೆಯ ಮೆಟ್ಟಿಲು ನಾನು ಯಾವತ್ತೂ ಹತ್ತಿದವಳಲ್ಲ. ಬೆಂಚಿನ ಮೇಲೆ ನಮ್ಮವರು ಚಪ್ಪಲಿಯಿಲ್ಲದೆ ಕೂತಿದ್ದರು. ಯಾರೂ ಹೊಡೆದಿರಲಿಲ್ಲ. ಆದರೂ ಮುದುಡಿಹೋಗಿದ್ದರು. ಮೇಜಿನ ಹಿಂದಿನ ಅಧಿಕಾರಿ ಕೇಳಿದ್ದನ್ನು ಟೀಚರ್ ನನಗೆ ಇಂಗ್ಲಿಷಿನಲ್ಲಿ ಹೇಳುವುದು, ನಾನು ಹೇಳಿದ್ದನ್ನು ಅವನಿಗೆ ಸಿಂಹಳದಲ್ಲಿ ಹೇಳುವುದು, ಹೀಗೆ ಎರಡು ತಾಸು ನಡೆಯಿತು. ತಮಿಳರಲ್ಲ ಎಂದ ಮೇಲೆ ತಮಿಳು ಯಾಕೆ ಮಾತಾಡಿದ? ಅಡುಗೆಯವರು ತಮಿಳರು. ಅಡುಗೆಯವರು ಯಾಕೆ ತಮಿಳರು? ಇದಕ್ಕೆ ಏನು ಉತ್ತರ ಕೊಡುವುದು, ಹೇಳಿ! ನಾವು ತಮಿಳರಲ್ಲ, ನಾವು ತಮಿಳರಲ್ಲ ಎಂದು ನಾನು ಎಷ್ಟು ಸಲ ಹೇಳಿದೆನೋ. ಅಷ್ಟು ಸಲವೂ ಅದನ್ನು ಟೀಚರ್ ಸಮಾಧಾನದ ದನಿಯಲ್ಲಿ ಸಿಂಹಳಕ್ಕೆ ತಿರುಗಿಸಿದರು.

ಕೊನೆಗೆ ಅಧಿಕಾರಿ ಪಾಸ್‌ಪೋರ್ಟುಗಳನ್ನು ಮುಚ್ಚಿ ನಮ್ಮ ಕಡೆ ತಳ್ಳಿ, ಹೋಗಿ ಎಂದು ಕೈಬೀಸಿದ. ನಮ್ಮವರು ಎದ್ದರು. ನಾನು ಬಾಗಿಲ ಕಡೆ ತಿರುಗಿ, ಬಾಯ್ತಪ್ಪಿ ಗಟ್ಟಿಯಾಗಿ ಹೇಳಿಬಿಟ್ಟೆ:

"ಅಕ್ಕಾ, ಬನ್ನಿ, ಹೋಗುವ."

ಅಧಿಕಾರಿ ತಲೆ ಎತ್ತಿದ. ಸಿಂಹಳದಲ್ಲಿಯೂ ಅಕ್ಕ ಎಂದರೆ ಅಕ್ಕನೇ ಎಂದು ನನಗೆ ಯಾರು ಹೇಳಿದ್ದರು? ಎರಡು ತಾಸಿನಲ್ಲಿ ನನ್ನ ಬಾಯಿಂದ ಬಂದದ್ದರಲ್ಲಿ ಅವನಿಗೆ ನೇರವಾಗಿ ಅರ್ಥವಾದದ್ದು ಅದೊಂದೇ ಶಬ್ದ. ಏನೋ ಹೇಳಿದ. ಟೀಚರ್ ಗೋಡೆಯ ಕಡೆ ನೋಡುತ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿದರು:

"ತರಕಾರಿಯವಳನ್ನೂ ನಾವು ಅಕ್ಕ ಅನ್ನುತ್ತೇವೆ. ಆದರೆ ತರಕಾರಿಯವಳು ಯಾರ ಗಂಡನನ್ನೂ ಬಿಡಿಸಲು ಇಲ್ಲಿಗೆ ಬರುವುದಿಲ್ಲ. ಈ ತಮಿಳು ಹೆಂಗಸು ನಿನಗೆ ಏನಾಗಬೇಕು? ಎಂದು ಕೇಳುತ್ತಿದ್ದಾರೆ."

ಅಕ್ಕ ಎಂದರೆ ನಾವೂ ಒಳಗೆ. ನಾನು ಮೇಜಿನ ಮೇಲಿನ ಪಾಸ್‌ಪೋರ್ಟ್ ನೋಡಿದೆ, ಟೀಚರ್ ಮುಖ ನೋಡಲಿಲ್ಲ.

"ಯಾರೂ ಅಲ್ಲ" ಎಂದೆ. "ನನಗೆ ಇವರು ಯಾರೂ ಅಲ್ಲ."

ಅದನ್ನೂ ಅವರೇ ತಿರುಗಿಸಿ ಹೇಳಬೇಕಾಯಿತು. ಹೇಳಿದರು. ದನಿ ಅಲುಗಲಿಲ್ಲ. ಆಮೇಲೆ ಅಧಿಕಾರಿ ಕೈ ಚಾಚಿದ; ಟೀಚರ್ ತಮ್ಮ ಚೀಟಿ ಕೊಟ್ಟರು. ಅವನು ಗುರುವಾರ ಎಂದಿದ್ದಲ್ಲಿ ಅಡ್ಡಗೆರೆ ಎಳೆದು ಬೇರೆ ಏನೋ ಬರೆದ. ಊರಿಗೆ ಅಟ್ಟುವ ಬಸ್ಸು, ನಾಳೆ ಬೆಳಿಗ್ಗೆಯೇ.

ವರಾಂಡ

ಸಂಜೆ ವರಾಂಡದಲ್ಲಿ ಅವರು ಬಟ್ಟೆ ಮಡಚುತ್ತಿದ್ದರು. ನಾನು ಅವರ ಕಾಲ ಬಳಿ ಕೂತು ಅತ್ತೆ. ನನ್ನ ನಾಲಿಗೆಗಿಷ್ಟು, ಇವರ ನಾಲಿಗೆಗಿಷ್ಟು ಎಂದು ಬೈದುಕೊಂಡೆ.

"ನೀವು ಹೇಳಿದ್ದು ಸರಿಯೇ. ಅಕ್ಕ ಎಂದಿದ್ದರೆ ಮೂವರೂ ಅಲ್ಲೇ ಇರುತ್ತಿದ್ದೆವು" ಎಂದರು ಟೀಚರ್. ಮಡಚಿದ ಸೀರೆಯನ್ನು ಚೀಲಕ್ಕಿಡುತ್ತ, "ಕೇಳುವುದಕ್ಕೆ ಮಾತ್ರ ಕಷ್ಟವಾಯಿತು" ಎಂದೂ ಹೇಳಿದರು.

ಆ ಮಾತು ತಡೆದುಕೊಳ್ಳಲಾಗದೆ, "ಗುರುವಾರ ನಾನು ಹೋಗ್ಲಾ ಅಕ್ಕಾ?" ಎಂದು ಕೇಳಿಬಿಟ್ಟೆ. ಬೇಡಮ್ಮ, ನಿಮಗೇಕೆ ತೊಂದರೆ ಎನ್ನುತ್ತಾರೆ ಎಂದು ಕಾದೆ. ದೇವರಾಣೆ, ಹಾಗೆಯೇ ಹೇಳಲಿ ಎಂದು ಬೇಡಿಕೊಂಡೆ. ಅವರು ಎದ್ದು ಒಳಗೆ ಹೋಗಿ ತಮ್ಮನ ಫೋಟೊ, ಅರ್ಜಿ, ಕಚೇರಿಯಿಂದ ಬಂದಿದ್ದ ಕಾಗದ ಎಲ್ಲ ತಂದು ನನ್ನ ಮಡಿಲಲ್ಲಿ ಇಟ್ಟರು.

ಬುಧವಾರ ಬೆಳಕು ಹರಿಯುತ್ತಿದ್ದ ಹಾಗೆ ಬಸ್ಸು ಬಂತು. ಲಾಡ್ಜಿನ ಇನ್ನೂ ನಾಲ್ಕೈದು ಮಂದಿಯನ್ನು ಹತ್ತಿಸಿದರು. ಯಾರೂ ಕೂಗಲಿಲ್ಲ, ಯಾರೂ ಹೊಡೆಯಲಿಲ್ಲ. ಪಿಕ್ನಿಕ್ಕಿಗೆ ಹೊರಟವರ ಹಾಗೆ ಹೆಸರು ಕೂಗಿ ಹತ್ತಿಸಿದರು, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಟೀಚರ್ ಕಿಟಕಿಯ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದರು. ನಾನು ಕೆಳಗಿಳಿದು ಹೋಗಲಿಲ್ಲ. ಪರದೆಯ ಹಿಂದಿನಿಂದ ನೋಡಿದೆ.

ಅವತ್ತಿಡೀ ಜಗಳ. "ನಿನ್ಗೆ ತಲೆ ಸಮ ಉಂಟಾ? ಗುರುವಾರ ಸಂಜೆ ನಮ್ಮ ವಿಮಾನ. ಪುನಃ ಹಿಡ್ಕೊಂಡು ಹೋದ್ರೆ?" ಎಂದು ನಮ್ಮವರು ಪಿಸುಗುಟ್ಟುತ್ತಲೇ ಜಗಳಾಡಿದರು. ಬಾಗಿಲು ಹಾಕಿದ ಕೋಣೆಯಲ್ಲೂ ಪಿಸುಮಾತೇ. ಹೊರಗೆ ಹೋದಾಗಂತೂ ಬಾಯೇ ಬಿಡುತ್ತಿರಲಿಲ್ಲ. ಚಹಾ ಬೇಕಿದ್ದರೂ ಬೆರಳು ತೋರಿಸಿ ತೆಗೆದುಕೊಳ್ಳುತ್ತಿದ್ದರು. ಆರು ಭಾಷೆಯ ಮನುಷ್ಯ!

ಗುರುವಾರ

ಇವರು ಕಚೇರಿಯ ಒಳಗೆ ಬರಲಿಲ್ಲ. ಆಟೋವನ್ನು ಎದುರಿಗೆ ನಿಲ್ಲಿಸಿಕೊಂಡು, ಎರಡು ಸೂಟ್‌ಕೇಸ್ ತೊಡೆಯ ಮೇಲಿಟ್ಟುಕೊಂಡು, ಹತ್ತು ನಿಮಿಷದಲ್ಲಿ ಬಾ ಎಂದರು. ಒಳಗೆ ಒಂದೂವರೆ ತಾಸು ಸಾಲು. ಎಲ್ಲರ ಕೈಯಲ್ಲೂ ಫೋಟೊ. ಮದುವೆಯ ಗುಂಪಿನ ಫೋಟೊದಿಂದ ಕತ್ತರಿಸಿ ತೆಗೆದ ಮುಖಗಳು, ಶಾಲೆಯ ಗುರುತಿನ ಚೀಟಿಗಳು. ರೇಷನ್ ಆಫೀಸಿನ ಸಾಲಿನಲ್ಲಾದರೂ ನಮ್ಮ ಕಡೆ ಜನ ಜಗಳಾಡುತ್ತಾರೆ. ಇಲ್ಲಿ ಒಬ್ಬರೂ ಮುಂದೆ ನುಗ್ಗಲಿಲ್ಲ.

ಕೌಂಟರಿನಲ್ಲಿ ಕನ್ನಡಕದ ಒಬ್ಬ ಹೆಂಗಸು. ಕಾಗದಗಳನ್ನು ನೋಡಿ, ಅರ್ಜಿದಾರರು ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಸ್ಸಿನ ವಿಷಯ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟರು.

"ಅರ್ಜಿಯನ್ನು ಹತ್ತಿರದ ಸಂಬಂಧಿಕರು ಮಾತ್ರ ಕೊಡಬಹುದು. ಕಾಣೆಯಾದವರು ನಿಮಗೆ ಏನಾಗಬೇಕು?"

ಬಾಗಿಲ ಬಳಿ ಪೊಲೀಸಿನವನಿದ್ದ. ಹಿಂತಿರುಗಿ ಹೋದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಟೀಚರಿಗೆ ತಿಳಿಯುವುದೂ ಇಲ್ಲ. ಆದರೆ ನನ್ನ ಬಾಯಿಂದ ಮಾತು ತಮಿಳಿನಲ್ಲಿ ಹೊರಟಿತು.

"ತಂಬಿ. ನನ್ನ ತಂಬಿ."

ಆಕೆ ಪಾಸ್‌ಪೋರ್ಟ್ ತೆರೆದು ನೋಡಿದರು. ಇಂಡಿಯಾ. ನನ್ನ ಹೆಸರು. ಮತ್ತೆ ನನ್ನ ಮುಖ. ತುಂಬ ಹೊತ್ತು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮದುವೆಯಾಗಿ ಅಲ್ಲಿಗೆ ಹೋದದ್ದಾ?" ಎಂದರು.

ನಾನು ತಲೆ ಆಡಿಸಿದೆ.

"ಹೌದಾ, ಅಲ್ಲವಾ? ಬಾಯಿಬಿಟ್ಟು ಹೇಳಿ."

"ಹೌದು."

ಬರೆದುಕೊಂಡರು. ಸಹಿ ಹಾಕಿದೆ. ಸುದ್ದಿ ಸಿಕ್ಕಿದರೆ ಯಾವ ವಿಳಾಸಕ್ಕೆ ತಿಳಿಸಬೇಕು ಎಂದು ಕೇಳಿದರು. ಟೀಚರ ಹಳ್ಳಿಗೆ ಅಂಚೆ ನಿಂತು ತಿಂಗಳುಗಳಾಗಿದ್ದವು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹೆಸರು, ಮಹಡಿ, ಕೋಣೆ ನಂಬರು ಎಲ್ಲ ಬರೆದುಕೊಟ್ಟು ಹೊರಗೆ ಓಡಿಬಂದೆ. ವಿಮಾನ ನಿಲ್ದಾಣ ಸೇರುವವರೆಗೂ ಯಾರೋ ಹಿಂದೆ ಬರುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು.

ಇದಾಗಿ ಹತ್ತು ವರ್ಷವಾಗುತ್ತ ಬಂತು. ಅಲ್ಲಿನ ಯುದ್ಧ ಮುಗಿಯಿತು ಎಂದು ಪೇಪರಿನಲ್ಲಿ ಓದಿದೆವು. ಟೀಚರ ಹಳ್ಳಿಗೆ ನಾನು ಬರೆದ ಮೂರು ಕಾಗದಗಳೂ ಹಾಗೆಯೇ ವಾಪಸು ಬಂದವು. ಕೊಲಂಬೊದಲ್ಲಿ ಶಾಖೆ ಆಗಲಿಲ್ಲ.

ಹೋದ ವರ್ಷ ನಮ್ಮ ಹಳೆಯ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ಮಾತು ಬಂತು. ಅಲ್ಲಿಯವರೆಗೆ ಎಲ್ಲರಿಗೂ ಠಾಕುರ್ಲಿಯಲ್ಲಿ ಮನೆ ಕೊಡುತ್ತಾರಂತೆ, ಲಿಫ್ಟ್ ಇರುವ ಮನೆ. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡದವಳು ಇಡೀ ಸೊಸೈಟಿಯಲ್ಲಿ ನಾನೊಬ್ಬಳೇ. ಒಂದು ಭಾನುವಾರ ಸೆಕ್ರೆಟರಿ ಕಾಗದ ಹಿಡಿದುಕೊಂಡು ಮನೆಗೇ ಬಂದ. ನಮ್ಮ ನೆರೆಯ ಕನ್ನಡದವನೇ, ನಾನು ಮದುವೆಯಾಗಿ ಬಂದಾಗಿನಿಂದ ನನ್ನನ್ನು ಬಲ್ಲವನು.

"ಎಂತ ಕಾರಣ ಹೇಳಿ ಸುಮನಕ್ಕ. ಎಲ್ಲರೂ ಕಾಯ್ತಾ ಇದ್ದಾರೆ."

"ಈ ವಿಳಾಸಕ್ಕೆ ಒಂದು ಪತ್ರ ಬರ್ಲಿಕ್ಕುಂಟು" ಎಂದೆ.

"ಯಾರ ವಿಷಯ?"

"ನನ್ನ ತಮ್ಮನದ್ದು."

ನನಗೆ ತಮ್ಮನಿಲ್ಲ ಎಂದು ಅವನಿಗೆ ಗೊತ್ತು. ತಬ್ಬಿಬ್ಬಾಗಿ ನಮ್ಮವರ ಮುಖ ನೋಡಿದ. ನಮ್ಮವರು ಓದುತ್ತಿದ್ದ ಪೇಪರನ್ನು ಮಡಚಿ ಪಕ್ಕಕ್ಕಿಟ್ಟು, "ಹೌದು ಮಾರಾಯ, ಅವನ ಸುದ್ದಿ ಇನ್ನೂ ಬರ್ಲಿಲ್ಲ" ಎಂದರು.